ಖಾಲಿ ಇದ್ದರೆ ಕುದುರೆ, ಏರು ಹತ್ತಿದರೆ ಆಫ್

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್. ಬರುವುದು ಹೆಚ್ಚಾಗಿ ತೋಟದ ಗಾಡಿಗಳೇ. ಜನವರಿಯಲ್ಲಿ, ರೊಬಸ್ಟಾ ಕೊಯ್ಲು ಜೋರಾಗಿರುವಾಗ, ಆಲ್ದೂರು ಕಡೆಯ ಒಂದು ತೋಟದ ಡೀಸೆಲ್ ಪಿಕಪ್ ಬಂತು. ಡ್ರೈವರ್ ಹುಡುಗ ಹೇಳಿದ್ದು ಇಷ್ಟು:

"ಅಣ್ಣಾ, ಖಾಲಿ ಇದ್ರೆ ಕುದುರೆ ಇದ್ದಂಗೆ ಓಡತ್ತೆ. ಮೂಟೆ ಹೇರಿ ಏರು ಹತ್ತಿದ್ರೆ ಉಸಿರು ಕಟ್ಟಿದಂಗಾಗಿ ಆಫ್. ಹತ್ತು ನಿಮಿಷ ಸುಮ್ನೆ ನಿಲ್ಸಿದ್ರೆ ಮತ್ತೆ ಸ್ಟಾರ್ಟ್ ಆಗತ್ತೆ."

ಕಾಯಿಲೆ ಏನು ಅಂತ ಅವನು ಪೂರ್ತಿ ಹೇಳಿಬಿಟ್ಟಿದ್ದ. ನಾನು 'ಏರು', 'ಆಫ್' ಎರಡನ್ನೇ ಕೇಳಿಸಿಕೊಂಡೆ. ಆ 'ಹತ್ತು ನಿಮಿಷ' ಕಿವಿಗೆ ಬೀಳಲಿಲ್ಲ.

ಸ್ಕ್ಯಾನರ್ ಹಾಕಿದೆ. ರೇಲ್ ಪ್ರೆಶರ್, ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನೊಳಗಿನ ಒತ್ತಡ, ಕಮ್ಮಿ ಅಂತ ಕೋಡ್ ಬಂತು, ಪಿ 0087. ಇದು ಜ್ವರ ಇದ್ದ ಹಾಗೆ. ಜ್ವರ ಇದೆ ಅಂತ ಥರ್ಮಾಮೀಟರ್ ಹೇಳುತ್ತದೆ, ಯಾಕೆ ಬಂತು ಅಂತ ಹೇಳುವುದಿಲ್ಲ. ಡೀಸೆಲ್ ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿದೆ, ಎರಡು ಚಮಚದಷ್ಟು ನೀರು ಬಂತು. ಇದೇ ಇರಬೇಕು ಅಂದುಕೊಂಡು ಹೊಸ ಫಿಲ್ಟರ್ ಹಾಕಿ, ಕೈ ಪಂಪು ಒತ್ತಿ ಏರ್ ತೆಗೆದೆ. ಒತ್ತಿದ ಪಂಪು ವಾಪಸ್ ಮೇಲೆ ಬರಲು ಸ್ವಲ್ಪ ಸೋಮಾರಿತನ ಮಾಡಿತು. ಹೊಸ ಫಿಲ್ಟರ್ ಅಲ್ವಾ, ತುಂಬಿಕೊಳ್ಳುತ್ತಿರಬೇಕು ಅಂತ ಬಿಟ್ಟೆ. ಅಲ್ಲೇ ಎಡವಿದ್ದು.

ಮೂರನೇ ದಿನ ಗಾಡಿ ಮತ್ತೆ ಬಂತು, ಈ ಸಲ ಒಂದು ಜೀಪಿನ ಹಿಂದೆ ಎಳೆಸಿಕೊಂಡು.

ಸರಿ, ಲೋಡ್ ಸಮೇತ ಓಡಿಸಿ ನೋಡೋಣ ಅಂತ ಸ್ಕ್ಯಾನರ್ ತೊಡೆ ಮೇಲೆ ಇಟ್ಟುಕೊಂಡು ಡ್ರೈವರ್ ಪಕ್ಕ ಕೂತೆ. ಐಡಲ್‌ನಲ್ಲಿ ರೇಲ್ ಪ್ರೆಶರ್ 300 ಬಾರ್ ಹತ್ತಿರ ಇತ್ತು. ಕಾರಿನ ಟೈರಿನಲ್ಲಿ ಇರುವುದು ಸುಮಾರು 2 ಬಾರ್, ಅದಕ್ಕೆ ಹೋಲಿಸಿ ನೋಡಿ. ಏರಿನಲ್ಲಿ ಗಾಡಿಯ ಕಂಪ್ಯೂಟರ್ ಕೇಳಿದ್ದು 1100, ಸಿಕ್ಕಿದ್ದು 600. ಆಮೇಲೆ ಇನ್ನೂ ಕೆಳಗೆ. ಆಮೇಲೆ ಆಫ್.

ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸವೆದು ಡೀಸೆಲ್ ಜಾಸ್ತಿ ವಾಪಸ್ ಹೋಗುತ್ತಿದೆಯಾ ಅಂತ ನೋಡಲು ನಾಲ್ಕೂ ರಿಟರ್ನ್ ಪೈಪುಗಳಿಗೆ ಒಂದೊಂದು ಬಾಟಲಿ ಕಟ್ಟಿದೆ. ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ, ಒಂದೇ ಸಮ. (ಹಳೇ ಗಾಡಿಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ನಾಝಲ್ ಪೈಪಿನ ನಟ್ಟು ಸಡಿಲಿಸಿ ನೋಡುತ್ತಿದ್ದೆವು. ಇಂಥ ಕಾಮನ್ ರೇಲ್ ಗಾಡಿಯಲ್ಲಿ ಅದನ್ನು ಮಾಡಲೇಬೇಡಿ. ಆ ಪ್ರೆಶರ್‌ಗೆ ಡೀಸೆಲ್ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ.) ಇಂಜೆಕ್ಟರ್ ಸರಿ ಇದ್ದ ಮೇಲೆ ಉಳಿದದ್ದು ರೇಲ್‌ಗೆ ಡೀಸೆಲ್ ಒತ್ತುವ ಹೈ ಪ್ರೆಶರ್ ಪಂಪು. ತೋಟದ ಯಜಮಾನ ಗೌಡ್ರಿಗೆ ಫೋನ್ ಮಾಡಿ, ಪಂಪು ಬಿಚ್ಚಬೇಕು, ದೊಡ್ಡ ಖರ್ಚು ಅಂದೆ. ಅವರು "ಕೊಯ್ಲಿನ ಟೈಮು ಮಾರಾಯ, ಏನಾದ್ರೂ ಮಾಡು" ಅಂದರು.

ಪಂಪ್ ರಿಪೇರಿ ಮಾಡುವವರಿಗೆ ಫೋನ್ ಹಚ್ಚಿದೆ. ಕೆಲಸ ಬರುತ್ತಿದೆ ಅಂತ ಅವರು ಖುಷಿಪಡಬೇಕಿತ್ತು. ಅವರು ಕೇಳಿದ್ದು ಒಂದೇ ಮಾತು: "ಕ್ಯಾನ್ ಕಟ್ಟಿ ಓಡ್ಸಿದ್ರಾ?"

ಓಡಿಸಿರಲಿಲ್ಲ.

10 ಲೀಟರ್ ಕ್ಯಾನಿಗೆ ಹೊಸ ಡೀಸೆಲ್ ತುಂಬಿಸಿದೆ. ಅದರಿಂದ ನೇರ ಫಿಲ್ಟರಿಗೆ ಒಂದು ಪೈಪ್, ರಿಟರ್ನ್ ವಾಪಸ್ ಅದೇ ಕ್ಯಾನಿಗೆ. ಕ್ಯಾನನ್ನು ಎತ್ತರದಲ್ಲಿ ನೇತು ಹಾಕಬಾರದು. ಹಾಕಿದರೆ ಡೀಸೆಲ್ ತಾನಾಗೇ ಇಳಿಯುತ್ತದೆ, ಪಂಪು ಎಳೆಯದಿದ್ದರೂ ಗೊತ್ತಾಗುವುದಿಲ್ಲ. ಹಾಗಾಗಿ ಬಾಡಿಯ ನೆಲದಲ್ಲೇ ಇಟ್ಟು ಹಗ್ಗ ಬಿಗಿದೆ. 50 ಕೆಜಿಯ 25 ಮೂಟೆ ಇನ್ನೂ ಮೇಲೇ ಇದ್ದವು. ಕೈಮರ ಚೆಕ್‌ಪೋಸ್ಟ್ ದಾಟಿ ಅತ್ತಿಗುಂಡಿ ಕಡೆ ಏರಿಸಿದೆವು. ಗಾಡಿ ಎಲ್ಲೂ ನಿಲ್ಲಲಿಲ್ಲ. ಸ್ಕ್ಯಾನರಿನಲ್ಲಿ ಕೇಳಿದ್ದು, ಸಿಕ್ಕಿದ್ದು ಎರಡೂ ಒಂದಕ್ಕೊಂದು ಅಂಟಿಕೊಂಡೇ ಹೋದವು. ಡ್ರೈವರ್ ಹುಡುಗ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ.

ಪಂಪು ಚೆನ್ನಾಗಿದೆ ಅಂತಾಯಿತು. ತೊಂದರೆ ಇರುವುದು ಟ್ಯಾಂಕಿಗೂ ಫಿಲ್ಟರಿಗೂ ನಡುವೆ.

ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಎಳೆದುಕೊಂಡ ಸದ್ದು ಬರಲಿಲ್ಲ. ಅಂದರೆ ಗಾಳಿ ದಾರಿ ಕಟ್ಟಿಲ್ಲ. ಒಳಗಿನ ಜಾಲರಿಯೂ ಕ್ಲೀನ್. ಉಳಿದದ್ದು ಒಂದೂವರೆ ಮೀಟರ್ ರಬ್ಬರ್ ಪೈಪು. ಮೇಲಿಂದ ನೋಡಿದರೆ ಹೊಸದರ ಹಾಗಿದೆ. ಒಂದು ತೊಟ್ಟು ಸೋರಿಲ್ಲ. ಕಂಪ್ರೆಸರ್‌ನಿಂದ ಗಾಳಿ ಬಿಟ್ಟರೆ ಸಲೀಸಾಗಿ ಹೋಯಿತು. ಆದರೂ ಅನುಮಾನ ಬಂದು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗಿನ ಪದರ ಹಾವಿನ ಪೊರೆಯ ಹಾಗೆ ಎದ್ದು ಬಂದಿತ್ತು. ಡೀಸೆಲ್ ಕುಡಿದು ಊದಿಕೊಂಡು, ಬೆರಳಲ್ಲಿ ಹಿಡಿದರೆ ಜಾರುವಷ್ಟು ಮೆತ್ತಗೆ.

ಆಗ ಎಲ್ಲ ಅರ್ಥವಾಯಿತು. ಈ ಗಾಡಿಯ ಟ್ಯಾಂಕಿನಲ್ಲಿ ಪಂಪು ಇಲ್ಲ, ಇಂಜಿನ್ ಕಡೆಯ ಪಂಪೇ ಡೀಸೆಲ್ ಎಳೆದುಕೊಳ್ಳಬೇಕು. ಎಳನೀರಿಗೆ ಹಾಕಿದ ಮೆತ್ತನೆ ಸ್ಟ್ರಾ ಜೋರಾಗಿ ಎಳೆದರೆ ಅಂಟಿಕೊಳ್ಳುತ್ತದಲ್ಲ, ಹಾಗೆ. ಖಾಲಿ ಗಾಡಿಗೆ ಡೀಸೆಲ್ ಕಮ್ಮಿ ಸಾಕು, ಪೊರೆ ಸುಮ್ಮನಿರುತ್ತದೆ. ಲೋಡ್ ಹಾಕಿ ಏರು ಹತ್ತಿದರೆ ಎಳೆತ ಜಾಸ್ತಿ, ಪೊರೆ ಮುಚ್ಚಿಕೊಳ್ಳುತ್ತದೆ. ಇಂಜಿನ್ ನಿಂತ ಮೇಲೆ ಹತ್ತು ನಿಮಿಷದಲ್ಲಿ ನಿಧಾನಕ್ಕೆ ಬಿಟ್ಟುಕೊಳ್ಳುತ್ತದೆ. ಅವತ್ತು ಕೈ ಪಂಪು ಸೋಮಾರಿತನ ಮಾಡಿದ್ದೂ ಇದಕ್ಕೇ. ಕಂಪ್ರೆಸರ್ ಗಾಳಿ ಪೊರೆಯನ್ನು ಗೋಡೆಗೆ ಒತ್ತಿ ದಾರಿ ಮಾಡಿಕೊಂಡಿತ್ತು, ನಾನು ಪಾಸ್ ಅಂದುಕೊಂಡಿದ್ದೆ. ಎಳೆಯುವ ಪೈಪನ್ನು ಊದಿ ನೋಡಿದರೆ ಏನು ಗೊತ್ತಾಗುತ್ತದೆ?

ಇನ್ನು ಆ ಪೈಪ್ ಹಾಕಿದವರು ಯಾರು? ನಾನೇ. ಹೋದ ಮಳೆಗಾಲದಲ್ಲಿ ಇಲಿ ಹಳೇ ಪೈಪ್ ಕಡಿದಿತ್ತು. ಭಾನುವಾರ, ಅಂಗಡಿ ಬಾಗಿಲು ಹಾಕಿತ್ತು. ಸದ್ಯಕ್ಕೆ ಇರಲಿ ಅಂತ ಶೆಡ್ಡಿನಲ್ಲಿದ್ದ ನೀರಿನ ಪೈಪ್ ಹಾಕಿ ಕ್ಲಿಪ್ ಬಿಗಿದು ಕಳಿಸಿದ್ದೆ. ಡೀಸೆಲ್‌ಗೆ ಮಾಡಿದ ಪೈಪ್ ಅಲ್ಲ ಅದು. ಸೋಮವಾರ ಬದಲಿಸುತ್ತೇನೆ ಅಂದಿದ್ದೆ. ಆ ಸೋಮವಾರ ಬರಲೇ ಇಲ್ಲ.

ಗೌಡ್ರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಸೀಳಿದ ಪೈಪನ್ನೂ ತೋರಿಸಿದೆ. ಕೂಲಿ ಬೇಡ, ಫಿಲ್ಟರಿನ ದುಡ್ಡು ಮಾತ್ರ ಕೊಡಿ ಅಂದೆ. ಅವರು ಪೈಪನ್ನು ಆಚೆ ಈಚೆ ತಿರುಗಿಸಿ ನೋಡಿ, "ಬಿಲ್ ಇಲಿಗೆ ಕಳ್ಸು" ಅಂತ ನಕ್ಕು ಹೋದರು.

ಅವರು ಹೋದ ಮೇಲೆ ನೆನಪಾಯಿತು. ಅದೇ ಪೈಪಿನ ಉಳಿದ ತುಂಡನ್ನು ಮೂಡಿಗೆರೆ ಕಡೆಯ ಇನ್ನೊಂದು ಪಿಕಪ್‌ಗೆ ಹಾಕಿದ್ದೆ. ತಕ್ಷಣ ಅದರ ಡ್ರೈವರ್‌ಗೆ ಫೋನ್ ಮಾಡಿದೆ.

"ಗಾಡಿ ಚೆನ್ನಾಗೇ ಓಡ್ತಿದೆಯಲ್ಲಣ್ಣಾ," ಅಂದ.

"ಲೋಡ್ ಹಾಕಿದ್ಯಾ?"

"ಇಲ್ಲ, ನಾಳೆಯಿಂದ."