ಕಾವಲು ನಿಂತವರ ಇಪ್ಪತ್ತು ನಿಮಿಷ

ಉತ್ತರ ಧ್ರುವದ ಸಮೀಪ ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ನ್ಯೂ-ಓಲೆಸುಂಡ್ ಎಂಬ ಪುಟ್ಟ ಊರಿನಲ್ಲಿ ನಮ್ಮ ದೇಶದ 'ಹಿಮಾದ್ರಿ' ಸಂಶೋಧನಾ ಕೇಂದ್ರವಿದೆ. 2008ರಲ್ಲಿ ಆರಂಭವಾದ ಈ ಕೇಂದ್ರಕ್ಕೆ ಚಳಿಗಾಲದ ತಂಡಗಳು ಹೋಗತೊಡಗಿದ್ದು 2023ರ ಡಿಸೆಂಬರಿನಿಂದ. ಅಂಥ ಒಂದು ತಂಡದಲ್ಲಿ ನಾನೂ ಒಂದು ತಿಂಗಳು ಇದ್ದೆ. ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಅಲ್ಲಿ ಮತ್ತೆ ಕಾಣುವುದು ಫೆಬ್ರವರಿ ಮಧ್ಯದಲ್ಲಿ. ಮಧ್ಯಾಹ್ನ ಹನ್ನೆರಡಕ್ಕೂ ಹಣೆದೀಪ ಕಟ್ಟಿಕೊಂಡೇ ಕೆಲಸ.

ಊರಾಚೆ ನೆಟ್ಟಿದ್ದ ಆಂಟೆನಾ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಊರಲ್ಲಿ ವೈಫೈ, ಬ್ಲೂಟೂತ್ ಇಲ್ಲ. ಅಲ್ಲಿನ ಸೂಕ್ಷ್ಮ ಉಪಕರಣಗಳಿಗೆ ಅಡ್ಡಿಯಾಗಬಾರದೆಂದು ಸುತ್ತ 20 ಕಿ.ಮೀ.ವರೆಗೆ 2ರಿಂದ 32 ಗಿಗಾಹರ್ಟ್ಸ್ ರೇಡಿಯೋ ತರಂಗಗಳ ಪ್ರಸಾರಕ್ಕೆ ಕಡಿವಾಣ. ಫೋನು ಫ್ಲೈಟ್ ಮೋಡ್‌ನಲ್ಲೇ ಇರಬೇಕು.

ಊರ ಗಡಿ ದಾಟಿದರೆ ಹಿಮಕರಡಿಯ ಭಯ. ಹಾಗಾಗಿ ಒಬ್ಬರು ತಲೆ ಬಗ್ಗಿಸಿ ಕೆಲಸ ಮಾಡುವಾಗ ಇನ್ನೊಬ್ಬರು ರೈಫಲ್ ಹಿಡಿದು ಸುತ್ತ ನೋಡುತ್ತಾ ನಿಂತಿರಬೇಕು. ಕೆಲಸ ಮಾಡುವವನಿಗೆ ಮೈ ಸ್ವಲ್ಪವಾದರೂ ಬೆಚ್ಚಗಾಗುತ್ತದೆ. ನಿಂತವರಿಗೆ ಆ ಅನುಕೂಲವೂ ಇಲ್ಲ.

ಮೂರನೇ ದಿನ ಆಂಟೆನಾದ ಪೆಟ್ಟಿಗೆ ತೆರೆದಾಗ ಕೇಬಲ್ ಜೋಡಿಸುವ ಕನೆಕ್ಟರ್ ಸುತ್ತ ಮಂಜುಗಡ್ಡೆ ಗಟ್ಟಿಯಾಗಿ ಕೂತಿತ್ತು. ಹಿಂದಿನ ದಿನ ಮಳೆ ಸುರಿದಿತ್ತು, ಹೌದು, ಮಳೆ! ಉತ್ತರ ಧ್ರುವ ಪ್ರದೇಶ ಬಿಸಿಯಾಗುತ್ತಿದೆ ಎಂದು ಓದಿದ್ದೆ. ನಡುಚಳಿಗಾಲದಲ್ಲಿ ಆ ಮಳೆಯಲ್ಲಿ ನಿಂತಾಗ ನಿಜಕ್ಕೂ ಎದೆ ಭಾರವಾಯಿತು. ಕನೆಕ್ಟರ್ ಬದಲಿಸಬೇಕಿತ್ತು. ಚೀಲದಲ್ಲಿ ಹೊಸ ಕನೆಕ್ಟರ್ ಇತ್ತು, ಆದರೆ ಅದಕ್ಕೆ ಸರಿಹೊಂದುವ ಸ್ಪ್ಯಾನರ್ ಕೋಣೆಯಲ್ಲೇ ಉಳಿದಿತ್ತು. ದಪ್ಪ ಗ್ಲೌಸ್ ತೆಗೆದು ತೆಳು ಗ್ಲೌಸಿನಲ್ಲೇ ಇಕ್ಕಳದಿಂದ ತಿರುಗಿಸಲು ನೋಡಿದೆ. ಬೆರಳು ಮರಗಟ್ಟಿತು, ಚಳಿಗೆ ಸೆಟೆದ ಕೇಬಲ್ ಮಣಿಯಲಿಲ್ಲ. ಹಾಗೇ ಇಪ್ಪತ್ತು ನಿಮಿಷ ಹೋಯಿತು. ಕಾವಲು ನಿಂತಿದ್ದ ಸಹೋದ್ಯೋಗಿ ಒಂದು ಮಾತೂ ಆಡಲಿಲ್ಲ. ವಾಪಸ್ ಬಂದು ಬಾಗಿಲಲ್ಲಿ ಬೂಟು ಬಿಚ್ಚುವಾಗ ಅವರ ಕೈ ನಡುಗುತ್ತಿದ್ದುದನ್ನು ನೋಡಿದೆ. ನಾನು ಮರೆತದ್ದಕ್ಕೆ ಚಳಿ ತಿಂದವರು ಅವರು.

ಅಂದು ರಾತ್ರಿಯೇ ಸಲಕರಣೆಗಳನ್ನೆಲ್ಲ ಮೇಜಿನ ಮೇಲೆ ಕೆಲಸದ ಸರದಿಯಂತೆ ಜೋಡಿಸಿದೆ. ದೀಪ ಆರಿಸಿ, ದಪ್ಪ ಗ್ಲೌಸ್ ತೊಟ್ಟು, ಪೆಟ್ಟಿಗೆ ಬಿಚ್ಚುವುದರಿಂದ ಮುಚ್ಚುವವರೆಗೆ ಎರಡು ಸಲ ಮಾಡಿ ನೋಡಿದೆ. ಗ್ಲೌಸಿನ ಕೈಗೆ ಸಿಗದ ಸ್ಕ್ರೂಗಳಿಗೆ ದಾರ ಕಟ್ಟಿದೆ. ಕಾಗದದ ಪಟ್ಟಿಯೊಂದು ಬರೆದು, ಹೊರಡುವ ಮುನ್ನ ಜೊತೆಗಾರರೇ ಅದನ್ನು ಗಟ್ಟಿಯಾಗಿ ಓದಲಿ ಎಂದು ಕೇಳಿಕೊಂಡೆ. ಅವರು ಓದಿದರು, ನಾನು ಒಂದೊಂದನ್ನೇ ಮುಟ್ಟಿ ತೋರಿಸಿದೆ.

ಮರುದಿನ ಹನ್ನೊಂದು ನಿಮಿಷಕ್ಕೆ ಪೆಟ್ಟಿಗೆ ಮುಚ್ಚಿದೆವು. ಈಗ ಬೆಂಗಳೂರಿನಲ್ಲಿ ತಾರಸಿಯ ಆಂಟೆನಾ ಕೆಲಸಕ್ಕೆ ಹೋಗುವಾಗಲೂ ಕೆಳಗೆ ಏಣಿ ಹಿಡಿಯುವ ಹುಡುಗನ ಕೈಗೆ ಮೊದಲು ಆ ಪಟ್ಟಿ ಕೊಡುತ್ತೇನೆ.