ನಿಪ್ಪಟ್ಟು ಡೈರಿ 9: 24 ದಿನ, 31 ಕಚ್ಚು, ಒಂದು ಪಂಚೆ

ನಿನ್ನೆ ಸಂಜೆ ಏಳೂವರೆಗೆ ನಮ್ಮನೆ ಗಿಳಿ ನಿಪ್ಪಟ್ಟು ತಾನಾಗಿಯೇ ಪಂಜರದೊಳಗೆ ಹೋದ. ನಾನು ಕೈ ಚಾಚಿರಲಿಲ್ಲ, ಕರೆದಿರಲಿಲ್ಲ, ಬೈದಿರಲಂತೂ ಇಲ್ಲ. ಸ್ಟ್ಯಾಂಡಿನಿಂದ ಹಾರಿ ಪಂಜರದ ಬಾಗಿಲ ಮೇಲೆ ಕೂತ, ಅತ್ತಿತ್ತ ನೋಡಿದ, ಒಳಗಿಳಿದು ಸೀಬೆ ಕೊಂಬೆಯ ಮೇಲೆ ಕೂತು 'ಎಲ್ಲಿ ನಂದು?' ಅನ್ನೋ ಹಾಗೆ ತಲೆ ಓರೆ ಮಾಡಿದ. ನನ್ನ ಬಲಗೈ ಹೆಬ್ಬೆರಳ ಬುಡದಲ್ಲಿ ಎರಡು ಪ್ಲಾಸ್ಟರ್ ಇನ್ನೂ ಅಂಟಿಕೊಂಡಿವೆ. ಅವು ಉದುರುವುದರೊಳಗೆ ಇದನ್ನು ಬರೆದುಬಿಡಬೇಕು. ಆಮೇಲೆ ನಾನೇನೋ ಹುಟ್ಟಾ ಗಿಳಿಪಂಡಿತ ಅಂದುಕೊಂಡುಬಿಡುವ ಅಪಾಯ ಇದೆ.

ಹಿಂದಿನ ಕಂತು ಓದದವರಿಗೆ: ಗ್ರೀನ್ ಚೀಕ್ ಕನ್ಯೂರ್ ಅನ್ನೋ ಪುಟ್ಟ ವಿದೇಶಿ ಗಿಳಿ, ಮೂರು ವರ್ಷ, 68 ಗ್ರಾಂ. ಅಂಗಡಿಯವನು ಆಣೆ ಇಟ್ಟು 'ಹೆಣ್ಣು ಸಾರ್' ಅಂದಿದ್ದ, ಡಿಎನ್‌ಎ ರಿಪೋರ್ಟಿನಲ್ಲಿ ಗಂಡು. ಕೇಳಿದರೆ 'ಆಗ ಹೆಣ್ಣಿತ್ತು ಸಾರ್' ಅಂದ. ವಿದೇಶಿ ಪ್ರಾಣಿಗಳನ್ನು ದಾಖಲಿಸೋ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ಪಕ್ಕದ ಮನೆಯವರು ಈಗಲೂ ತಿಂಗಳಿಗೊಮ್ಮೆ 'ಇದರ ಬದಲು ನಮ್ಮ ಊರಗಿಣೀನೇ ಸಾಕಬಹುದಿತ್ತು, ರಾಮ ರಾಮ ಅಂತಿತ್ತು' ಅಂತಾರೆ. ನಮ್ಮ ಊರಗಿಣಿಯನ್ನು ಪಂಜರದಲ್ಲಿಟ್ಟರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ರಾಮ ರಾಮ ಅನ್ನಬೇಕಾಗೋದು ನಾನು. ಬೊಲಿವಿಯಾ, ಪರಾಗ್ವೆ ಕಡೆ ಹುಟ್ಟಬೇಕಾದ ಜಾತಿ ಮೈಸೂರಿನ ಹಾಲ್‌ನಲ್ಲಿ ಕೂತು ಧಾರಾವಾಹಿ ನೋಡ್ತಾ ಇರೋದು ಸರಿಯಾ ಅನ್ನೋದು ಬೇರೆಯೇ ಜಗಳ, ಇವತ್ತು ಬೇಡ.

ಕಾಳು ಬಿಡಿಸಿ ಪೆಲೆಟ್‌ ಅನ್ನೋ ಗುಳಿಗೆ ಆಹಾರಕ್ಕೆ ಬದಲಾಯಿಸಿದ್ದು, ಟಾರ್ಗೆಟ್ ಸ್ಟಿಕ್ (ತೋರಿಸಿದ ಕಡ್ಡಿಯ ತುದಿ ಮುಟ್ಟೋದು) ಕಲಿಸಿದ್ದು, ಸ್ಟೆಪ್ ಅಪ್ (ಚಾಚಿದ ಬೆರಳಿಗೆ ಹತ್ತೋದು), ಇವೆಲ್ಲ ಹಿಂದಿನ ಕಂತು ಓದಿದವರಿಗೆ ಗೊತ್ತಿರೋದೇ. ನೇರ ರೋಗಕ್ಕೆ ಬರ್ತೀನಿ. ಬೆಳಿಗ್ಗೆ ಬೆರಳು ಚಾಚಿದರೆ ಓಡಿ ಬಂದು ಹತ್ತುವ ಹಕ್ಕಿ, ಸಂಜೆ ಅದೇ ಬೆರಳಿಗೆ ಕೊಕ್ಕು ಹಾಕಿ ರಕ್ತ ತೆಗೆಯುತ್ತಿತ್ತು. ಹೆದರಿಸೋ ಕಚ್ಚಲ್ಲ. ಹಿಡಿದು, ತಿರುಚಿ, ಮುಖ ನೋಡೋ ಕಚ್ಚು.

ಹಳೇ ಲೆಡ್ಜರ್ ಪುಸ್ತಕ ಒಂದರಲ್ಲಿ ಗೆರೆ ಹಾಕಿದೆ: ಗಂಟೆ, ಯಾರು, ಮುಂಚೆ ಏನಾಯ್ತು, ಆಮೇಲೆ ಏನಾಯ್ತು. 24 ದಿನಕ್ಕೆ ಒಟ್ಟು 31 ಕಚ್ಚು. ನನಗೆ 22, ನನ್ನ ಹೆಂಡತಿಗೆ 9, ಅಮ್ಮನಿಗೆ ಸೊನ್ನೆ. 31ರಲ್ಲಿ 27 ಕತ್ತಲಾದ ಮೇಲೆ. ಅಮ್ಮನ ಸೊನ್ನೆಯನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಅವರು ಅವನನ್ನು ಮುಟ್ಟೋದೇ ಕಮ್ಮಿ ಅಂದುಕೊಂಡೆ. ಈ ತಪ್ಪಿನ ಬೆಲೆ ಎರಡು ವಾರ.

ಮೊದಲ ಅನುಮಾನ ಹಾರ್ಮೋನು, ಅಂದರೆ ಜೋಡಿ ಕಟ್ಟೋ ಕಾಲದ ಸಿಟ್ಟು. ನಮ್ಮ ಹವ್ಯಾಸದಲ್ಲಿ ಹಕ್ಕಿ ಏನು ಮಾಡಿದರೂ ಮೊದಲು ಹಾರ್ಮೋನು ಅನ್ನೋದು ಸಂಪ್ರದಾಯ, ಊರ ಕಡೆ ಏನಾದರೂ ಆದರೆ 'ದೃಷ್ಟಿ' ಅಂದ ಹಾಗೆ. ಪಂಜರದಲ್ಲಿದ್ದ ಉಣ್ಣೆ ಬಟ್ಟೆಯ ಗುಡಾರ ಕಿತ್ತೆ. ಹಕ್ಕಿಯ ಕಣ್ಣಿಗೆ ಅದು ಮೊಟ್ಟೆ ಇಡೋ ಪೊಟರೆ, ಜೊತೆಗೆ ದಾರ ಉಗುರಿಗೆ ಸುತ್ತಿಕೊಳ್ಳೋ ಕಾಟ ಬೇರೆ. ಬೆನ್ನು ಸವರಿದರೂ ಹಾರ್ಮೋನು ಕೆರಳುತ್ತೆ ಅಂತ ಅದನ್ನು ನಿಲ್ಲಿಸಿದೆವು, ತಲೆ ಮತ್ತು ಕತ್ತು ಮಾತ್ರ. ಬಿಸಿ ಅನ್ನ ಕೊಡೋದೂ ಅದೇ ಕಾರಣಕ್ಕೆ ಬಂದ್. ಇವೆಲ್ಲ ಮಾಡಬೇಕಾದ್ದೇ, ಮಾಡಿದ್ದಕ್ಕೆ ಬೇಜಾರಿಲ್ಲ. ಆದರೆ ಕಚ್ಚು ಒಂದೂ ಕಮ್ಮಿ ಆಗಲಿಲ್ಲ.

ಎರಡನೇ ಅನುಮಾನ ನಿದ್ದೆ. ಇವುಗಳಿಗೆ ಹತ್ತು ಹನ್ನೆರಡು ಗಂಟೆ ಕತ್ತಲು ಬೇಕು, ನಮ್ಮ ಹಾಲ್‌ನಲ್ಲಿ ಟಿವಿ ಹತ್ತೂವರೆವರೆಗೆ. ಪಂಜರವನ್ನು ಹಿಂದಿನ ರೂಮಿಗೆ ಸಾಗಿಸಿ, ಮಲಗೋ ಹೊತ್ತನ್ನು ಒಂಬತ್ತರಿಂದ ಏಳೂವರೆಗೆ ತಂದೆ. ಇಲ್ಲೇ ಪುಸ್ತಕ ಮೊದಲ ಸಲ ಬಾಯಿ ಬಿಟ್ಟಿದ್ದು. ಮುಂಚೆ ಕಚ್ಚುಗಳೆಲ್ಲ ಎಂಟೂ ಮುಕ್ಕಾಲು, ಒಂಬತ್ತರ ಆಸುಪಾಸು ಇದ್ದವು. ಮಲಗೋ ಹೊತ್ತು ಬದಲಾದ ಮಾರನೇ ದಿನದಿಂದ ಏಳೂಕಾಲಕ್ಕೆ ಬಂದು ಕೂತವು. ಸುಸ್ತಾಗಿ ಕಚ್ಚುತ್ತಿದ್ದರೆ ಏಳೂಕಾಲಕ್ಕೆ ಯಾಕೆ ಸುಸ್ತು? ಅವನಿಗೆ ಗಡಿಯಾರದ ಜೊತೆ ಜಗಳ ಇರಲಿಲ್ಲ, ಪಂಜರದ ಜೊತೆ ಇತ್ತು.

ಸರಿ, ಆದರೆ ಇನ್ನು ಪಂಜರಕ್ಕೆ ಹಾಕ್ತಾರೆ ಅಂತ ಅವನಿಗೆ ಹೇಗೆ ಗೊತ್ತಾಗ್ತಿತ್ತು? ಬೆರಳು ಅದೇ, 'ಬಾ' ಅನ್ನೋ ಮಾತೂ ಅದೇ. ಒಂದು ಸಂಜೆ ನಾನೇ ನನ್ನನ್ನು ನೋಡಿಕೊಂಡೆ. ಏನೇನು ಮಾಡ್ತೀನಿ? ಕಾಫಿ ಲೋಟ ಸಿಂಕಿಗೆ ಹಾಕ್ತೀನಿ. ಕರ್ಟನ್ ಎಳೀತೀನಿ. ಬಾಗಿಲ ಹಿಂದಿನ ಮೊಳೆಯಿಂದ ಪಂಚೆ ತೆಗೆದು ಹೆಗಲ ಮೇಲೆ ಹಾಕ್ಕೋತೀನಿ. ನಮ್ಮಪ್ಪನ ಕಾಲದ ಬಿಳಿ ಪಂಚೆ, ರಾತ್ರಿ ಪಂಜರಕ್ಕೆ ಹೊದಿಸೋದು ಅದನ್ನೇ. ಆಮೇಲೆ ಕೈ ಚಾಚ್ತೀನಿ.

ಮಾರನೇ ದಿನ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಕಿಟಕಿ ತುಂಬ ಬಿಸಿಲು, ಹಕ್ಕಿ ಹೊಟ್ಟೆ ತುಂಬಿ ಕೊಕ್ಕು ಮಸೆಯುತ್ತಾ ಕೂತಿತ್ತು. ಕೊಕ್ಕು ಮಸೆಯೋದು ಅಂದರೆ ಪರಮ ಸಂತೋಷ ಅಂತ ನಿಮಗೆ ಹೇಳಬೇಕಾಗಿಲ್ಲ. ನಾನು ಪಂಚೆ ಹೆಗಲಿಗೆ ಹಾಕಿಕೊಂಡು ಹೋಗಿ ಬೆರಳು ಚಾಚಿದೆ.

ಕಚ್ಚಿದ. ರಕ್ತ ಬಂತು. ನಾನು ಕುಣಿದಾಡಿದ್ದು ನೋಡಿ ನನ್ನ ಹೆಂಡತಿ ಡೆಟಾಲ್ ತರುವ ಮೊದಲು 'ರೀ, ತಲೆ ಸರಿ ಇದೆಯಾ?' ಅಂದಳು. ಇದು ಈ ಇಡೀ ಲಾಗಿನ ಅತ್ಯುತ್ತಮ ಕಚ್ಚು, 31ನೆಯದು. ಕೆಂಪು ಇಂಕಿನಲ್ಲಿ ಬರೆದಿದ್ದೇನೆ. ಇಂಕಲ್ಲ ಅದು ಅಂತ ಹೆಂಡತಿಯ ವಾದ.

ಈಗ ಎರಡನೇ ಕಗ್ಗಂಟು. ಕೋಪ ಬಂದರೂ ಹಕ್ಕಿ ಮೊದಲು ಎಚ್ಚರಿಕೆ ಕೊಡಬೇಕಲ್ಲ? ಬರೋ ವಿಡಿಯೋಗಳಲ್ಲೆಲ್ಲ 'ಕಣ್ಣು ನೋಡಿ, ಪಾಪೆ ಹಿಗ್ಗಿ ಕುಗ್ಗುತ್ತೆ' ಅಂತಾರೆ. ಅಮೆಜಾನ್ ಗಿಳಿ ಸಾಕಿದವರಿಗೆ ಅದು ಸರಿ, ಕಿತ್ತಳೆ ಬಣ್ಣದ ಕಣ್ಣಲ್ಲಿ ಎದ್ದು ಕಾಣುತ್ತೆ. ಗ್ರೀನ್ ಚೀಕ್‌ನ ಕಣ್ಣು ಕಡು ಕಂದು. ಟ್ಯೂಬ್‌ಲೈಟಿನ ಬೆಳಕಲ್ಲಿ ಅದರ ಪಾಪೆ ಹುಡುಕೋದು ಎಳ್ಳಿನ ರಾಶಿಯಲ್ಲಿ ಕರಿಜೀರಿಗೆ ಹುಡುಕಿದ ಹಾಗೆ. ಮೊಬೈಲನ್ನು ಟ್ರೈಪಾಡಿಗೆ ಕಟ್ಟಿ, ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಹಾಕಿ ಐದು ಸಂಜೆ ಶೂಟ್ ಮಾಡಿದೆ. ಬೆರಳು ಹತ್ತಿರ ಬರುತ್ತಿದ್ದ ಹಾಗೇ ಮೈಗರಿಗಳೆಲ್ಲ ಮೈಗೆ ಒತ್ತಿ ಹಕ್ಕಿ ಸಣ್ಣಗಾಗುತ್ತೆ. ಭಾರ ಎಡಗಾಲಿಗೆ ಜಾರುತ್ತೆ. ಕತ್ತು ಅರ್ಧ ಇಂಚು ಹಿಂದಕ್ಕೆ. ಕೊಕ್ಕು ಒಂದು ಕೂದಲೆಳೆಯಷ್ಟು ತೆರೆಯುತ್ತೆ. ಎಲ್ಲ ಸೇರಿ ಒಂದು ಸೆಕೆಂಡೂ ಇಲ್ಲ.

ಮೊದಲಿನ ವರ್ಷದ ವಿಡಿಯೋಗಳನ್ನು ತೆಗೆದು ನೋಡಿದೆ. ಆಗ ಇದೇ ಹಕ್ಕಿ ಮೂರು ನಾಲ್ಕು ಸೆಕೆಂಡು ಹಿಂದೆ ವಾಲಿ, ಬಾಯಿ ತೆರೆದು, 'ಕ್ರ್ರ್' ಅಂತ ಹೇಳ್ತಾ ಇದೆ! ವಿಡಿಯೋದಲ್ಲಿ ನನ್ನ ದನಿ: 'ಏ, ನಾಟಕ ಮಾಡ್ಬೇಡ, ಹತ್ತು.' 'ಕೈ ಹಿಂದೆ ತೆಗೀಬೇಡಿ, ತೆಗೆದರೆ ಹಕ್ಕಿ ತಲೆ ಮೇಲೆ ಕೂರುತ್ತೆ' ಅನ್ನೋ ಹಳೇ ಉಪದೇಶವನ್ನು ನಾನು ವೇದವಾಕ್ಯ ಮಾಡಿಕೊಂಡಿದ್ದೆ. ಬಾಯಿ ಬಿಟ್ಟು ಹೇಳಿದರೂ ಕೇಳದವನ ಮುಂದೆ ಯಾರು ಹೇಳ್ತಾ ಕೂರ್ತಾರೆ? ಅವನು ಹೇಳೋದನ್ನು ಬಿಟ್ಟ, ನೇರ ಕಚ್ಚಿದ. ಕಚ್ಚಿದಾಗ ಕೈ ಹಿಂದೆ ಹೋಯ್ತು. ಅಂದರೆ ಕಚ್ಚೋದು ಕಲಿಸಿದ್ದು ನಾನೇ, ಪ್ರತಿ ಸಂಜೆ ತಪ್ಪದೆ ಪಾಠ ಮಾಡಿ.

ಗಿಳಿಗಳ ಬುದ್ಧಿ ಅಧ್ಯಯನ ಮಾಡಿದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಸಾಕುಪ್ರಾಣಿ ಅಂಗಡಿಯಿಂದ ತಂದ ಆಫ್ರಿಕನ್ ಗ್ರೇ ಗಿಳಿ ಅಲೆಕ್ಸ್ ನೆನಪಿದೆಯಲ್ಲ? 2007ರಲ್ಲಿ ಸಾಯೋ ಹೊತ್ತಿಗೆ ನೂರಕ್ಕೂ ಹೆಚ್ಚು ಪದ ಬಲ್ಲವನು. ಪರೀಕ್ಷೆ ಬೇಜಾರಾದರೆ 'ವಾಪಸ್ ಹೋಗಬೇಕು' ಅಂತ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳ್ತಿದ್ದ. ನಿಪ್ಪಟ್ಟುಗೆ ಗೊತ್ತಿರೋ ಮಾತು ಎರಡೇ, 'ಬಾ' ಮತ್ತು ಕುಕ್ಕರ್ ವಿಷಲ್. ಎರಡರಲ್ಲೂ 'ಬರಲ್ಲ' ಅನ್ನೋಕೆ ಆಗಲ್ಲ.

ಇಲ್ಲಿ ಸ್ವಲ್ಪ ಅಡ್ಡದಾರಿ. ಭಾರ ಎಡಗಾಲಿಗೆ ಜಾರೋದು ನೋಡಿದ ಕೂಡಲೇ ತಲೆಗೆ ಹುಳ ಬಿತ್ತು: ತೂಕ ಅಳೆಯೋ ಪರ್ಚ್, ಅಂದರೆ ಹಕ್ಕಿ ಕೂರೋ ಕೊಂಬೆ! ಕೊಂಬೆಯ ಎರಡು ತುದಿಗೆ ಎರಡು 1 ಕೆಜಿ ಲೋಡ್ ಸೆಲ್ (ತೂಕದ ಸೆನ್ಸರ್), ಅವನ್ನು ಓದೋಕೆ ಎರಡು ಎಚ್‌ಎಕ್ಸ್711 ಚಿಪ್, ಲೆಕ್ಕ ಇಡೋಕೆ ಒಂದು ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು. ದಿನದ ತೂಕ ತಾನಾಗೇ ದಾಖಲಾಗುತ್ತೆ. ಹಕ್ಕಿಗಳು ಕಾಯಿಲೆಯನ್ನು ಕೊನೇವರೆಗೂ ಮುಚ್ಚಿಡೋದರಿಂದ ತೂಕ ಇಳಿಯೋದೇ ನಮಗೆ ಸಿಗೋ ಮೊದಲ ಸುಳಿವು, ಅದಕ್ಕೇ ಇದು ಬೇಕೇ ಬೇಕು. ಜೊತೆಗೆ ಭಾರ ಜಾರಿದರೆ ಕೆಂಪು ಲೈಟ್. ಎಚ್‌ಎಕ್ಸ್711 ಮಾಮೂಲಾಗಿ ಸೆಕೆಂಡಿಗೆ ಹತ್ತೇ ಸಲ ಓದೋದು, ಈ ಕೆಲಸಕ್ಕೆ ಸಾಲದು. ಅದರ ವೇಗ ನಿರ್ಧರಿಸೋ ರೇಟ್ ಪಿನ್ ಎತ್ತಿ 80 ಮಾಡಬೇಕು. ತರಿಸಿದ ಎರಡು ಲೋಡ್ ಸೆಲ್‌ನಲ್ಲಿ ಒಂದರ ಬಿಳಿ ತಂತಿ ಬುಡದಲ್ಲೇ ಕಿತ್ತು ಬಂದಿತ್ತು. ಮಾರಿದವನಿಗೆ ಫೋಟೋ ಕಳಿಸಿದರೆ 'ಇನ್ನೂ ಮೂರು ತಂತಿ ಚೆನ್ನಾಗಿವೆಯಲ್ಲ ಸಾರ್' ಅಂತ ಉತ್ತರ. ಮುಂದಿನ ಕಂತಿಗೆ.

ಈಗ ಅಮ್ಮನ ಸೊನ್ನೆ. ಪುಸ್ತಕ ತಿರುವಿ ಎಣಿಸಿದರೆ ಆ 24 ದಿನದಲ್ಲಿ ಅವರು ಅವನನ್ನು 17 ಸಲ ಪಂಜರಕ್ಕೆ ಬಿಟ್ಟಿದ್ದರು. ಕಮ್ಮಿಯೇನಲ್ಲ. ಕ್ಯಾಮೆರಾ ಇಟ್ಟೆ. ಅಮ್ಮ ಸೊಪ್ಪು ಬಿಡಿಸ್ತಾ ಬಂದು, ಒಂದು ಮೊಳ ದೂರದಲ್ಲಿ ಕೈ ಹಿಡಿದು, 'ಬರ್ತೀಯೇನೋ?' ಅಂತಾರೆ. ಅವನು ಹಿಂದೆ ವಾಲಿದ. 'ಬೇಡ್ವಾ? ಆಯ್ತು ಬಿಡು.' ವಾಪಸ್ ಹೋಗಿ ಸೊಪ್ಪು. ಎರಡು ನಿಮಿಷ ಬಿಟ್ಟು ಮತ್ತೆ ಬಂದು ಕೈ. ಹತ್ತಿದ. ಒಳಗೆ ಬಿಟ್ಟು ಕೊತ್ತಂಬರಿ ಕಡ್ಡಿ ಕೊಟ್ಟು ಹೋದರು. ಪಂಚೆ ಹೊದಿಸಿದ್ದು ಕಾಲು ಗಂಟೆ ಆದ ಮೇಲೆ. ಇಡೀ ವಿಡಿಯೋ ಅವರಿಗೆ ತೋರಿಸಿ, ನೀವು ಮಾಡ್ತಿರೋದು ಬಹಳ ವೈಜ್ಞಾನಿಕ ಅಂತ ವಿವರಿಸಿದೆ. 'ಕೇಳ್ದೆ ಎತ್ಕೊಂಡ್ರೆ ನೀನೂ ಚಿಕ್ಕವನಿದ್ದಾಗ ಕಚ್ತಿದ್ದೆ' ಅಂದರು.

ರಿಪೇರಿ ಕೆಲಸ 11 ದಿನದ ಹಿಂದೆ ಶುರು. ಪಂಚೆ ಈಗ ಮೊಳೆಯ ಮೇಲಿಲ್ಲ, ಇಡೀ ದಿನ ಹಾಲ್‌ನ ಕುರ್ಚಿ ಮೇಲೆ ಬಿದ್ದಿರುತ್ತೆ. ಅದು ಅಲ್ಲಾಡಿದಾಗಲೆಲ್ಲ ಅವನಿಗೆ ನಾಲ್ಕು ಕಾಳು ನವಣೆ. ಸಂಜೆ ಹತ್ತು ಸಲ ಸ್ಟೆಪ್ ಅಪ್ ಕೇಳಿದರೆ ಒಂದೇ ಸಲ ಪಂಜರ, ಉಳಿದ ಒಂಬತ್ತು ಸಲ ಕಿಟಕಿ, ಕನ್ನಡಿ, ಸುಮ್ಮನೆ ಒಂದು ಸುತ್ತು, ಮತ್ತೆ ಸ್ಟ್ಯಾಂಡ್. ಯಾವುದು ಯಾವಾಗ ಅಂತ ಅವನಿಗೆ ಪತ್ತೆಯಾಗಬಾರದು. ಹಿಂದೆ ವಾಲಿದರೆ ಕೈ ತಕ್ಷಣ ಹಿಂದಕ್ಕೆ, ಮೂವತ್ತು ಎಣಿಸಿ ಮತ್ತೆ ಕೇಳೋದು. ಈ ಕಾಯೋದೇ ಎಲ್ಲಕ್ಕಿಂತ ಕಷ್ಟ. ಹದಿನೆಂಟಕ್ಕೇ ನನ್ನ ಕೈ ತಾನಾಗಿ ಮುಂದಕ್ಕೆ ಹೋಗುತ್ತೆ.

ನವಣೆಯ ಇಡೀ ತೆನೆ ಮಾತ್ರ ಪಂಜರದೊಳಗಲ್ಲದೆ ಬೇರೆಲ್ಲೂ ಸಿಗಲ್ಲ. ಅಂಗಡಿಯಲ್ಲಿ 'ಇಂಪೋರ್ಟೆಡ್ ಮಿಲೆಟ್ ಸ್ಪ್ರೇ' ಅಂತ ಆರು ಕಡ್ಡಿಗೆ 280 ರೂಪಾಯಿ ಕಿತ್ತುಕೊಂಡು, ಒಳಗೆ ನುಸಿ ಹಿಡಿದದ್ದು ಕೊಟ್ಟಿದ್ದರು. ಹೆಂಡತಿಯ ತವರು ಕೂಡ್ಲಿಗಿ ಕಡೆ. ಅವಳು ಆ ಪೊಟ್ಟಣ ನೋಡಿ 'ಇದು ನವಣೆ ತೆನೆ ಅಲ್ವೇನ್ರೀ, ಅಪ್ಪ ಹೊಲದಾಗ ಬೆಳೀತಾರಲ್ಲ' ಅಂದಾಗ ಮೂರು ವರ್ಷ ಸುರಿದ ದುಡ್ಡೆಲ್ಲ ಕಣ್ಮುಂದೆ ಬಂತು. ಮಾವ ಒಂದು ಕಟ್ಟು ಬಸ್ಸಿಗೆ ಹಾಕಿ ಕಳಿಸಿದರು. ತೆನೆ ಒಂದೊಂದೂ ಬೆಕ್ಕಿನ ಬಾಲದಷ್ಟು. ನುಸಿ ಭಯಕ್ಕೆ ಎರಡು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಕೊಡ್ತಿದ್ದೇನೆ. ಹಕ್ಕಿ ಸರಿಯಾಗಿ ಮಾಡಿದ ಕ್ಷಣಕ್ಕೆ ಟಿಕ್ ಅಂತ ಒತ್ತೋ ಕ್ಲಿಕ್ಕರ್ ವಿಷಯದಲ್ಲೂ ಇದೇ ಕತೆ. ಆನ್‌ಲೈನಿನಲ್ಲಿ ಬಂದದ್ದು ಪಟಾಕಿ ಹೊಡೆದಷ್ಟು ಜೋರು, ಹಕ್ಕಿ ಫ್ರಿಜ್ ಮೇಲೆ ಹೋಗಿ ಕೂತಿತು. ಈಗ ಹತ್ತು ರೂಪಾಯಿಯ ಬಾಲ್‌ಪೆನ್ನಿನ ಟಿಕ್ ಸಾಕಾಗಿದೆ.

ಹನ್ನೊಂದು ದಿನದಲ್ಲಿ ಕಚ್ಚು ಮೂರು. ಎರಡು ನನ್ನವು, ಎರಡೂ ನಾನು ಮೂವತ್ತು ಎಣಿಸದೇ ಹೋದದ್ದಕ್ಕೆ. ಮೂರನೆಯದು ಅಮ್ಮನಿಗೆ! ಎಣ್ಣೆ ನೀರು ಹಾಕಿಕೊಂಡು ತಲೆಗೆ ಟವೆಲ್ ಸುತ್ತಿ ಬಂದಿದ್ದರು, ಅವನಿಗೆ ಯಾರೋ ಹೊಸಬರು ಅನ್ನಿಸಿರಬೇಕು. ಸೊನ್ನೆ ಹೋದದ್ದಕ್ಕೆ ನನಗೆ ಒಳಗೊಳಗೇ ಆದ ಖುಷಿಯನ್ನು ಲೆಡ್ಜರಿನಲ್ಲಿ ಬರೆದಿಲ್ಲ.

ಒಳ್ಳೆಯ ಸುದ್ದಿ, ಹಿಂದೆ ವಾಲಿ ಬಾಯಿ ತೆರೆಯೋ ಹಳೇ ಎಚ್ಚರಿಕೆ ವಾಪಸ್ ಬಂದಿದೆ. ಮೊನ್ನೆ ಎರಡು ಸೆಕೆಂಡು ಪೂರ್ತಿ ಬೈದ. ಕೆಟ್ಟ ಸುದ್ದಿ, ನಿನ್ನೆ ಪಂಜರಕ್ಕೆ ಹೋಗಿ ಮೂರು ಕಾಳು ತಿಂದು ಹೊರಗೆ ಬಂದ, ಮತ್ತೆ ಹೋಗಿ ತೆನೆ ಕೇಳಿದ. ಐದು ಸಲ. ಆರನೇ ಸಲ ನಾನು ಬಾಗಿಲು ಹಾಕಿದೆ. ಅದು ಸರಿಯಾ ತಪ್ಪಾ ಇವತ್ತು ಸಂಜೆ ಗೊತ್ತಾಗುತ್ತೆ.

ಇನ್ನೊಂದು ಪಜೀತಿ ಇದೆ. ಬಿಳಿ ಪಂಚೆ ಕಂಡರೆ ಈಗ ಓಡಿ ಬಂದು ಅದರ ಮೇಲೇ ಹತ್ತುತ್ತಾನೆ, ಅಂಚಿನಲ್ಲಿ ಆಗಲೇ ನಾಲ್ಕು ತೂತು. ಈ ಭಾನುವಾರ ಮಾವ ಬರ್ತಿದ್ದಾರೆ. ಉಡೋದು ಬಿಳಿ ಪಂಚೆ ಬಿಟ್ಟರೆ ಬೇರೆ ಇಲ್ಲ, ಕೈಯಲ್ಲಿ ಇನ್ನೊಂದು ಕಟ್ಟು ನವಣೆ ತೆನೆ. ಲೆಡ್ಜರಿನಲ್ಲಿ ಅವರ ಹೆಸರಿಗೊಂದು ಕಾಲಂ ಎಳೆದಿಟ್ಟಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ.