ಒಂದು ಸೆಂಟ್ ತೆರಿಗೆ, ಹತ್ತು ಡಾಲರ್ ನೋಟು

2018ರ ನವೆಂಬರ್‌ನಲ್ಲಿ ಕೆನಡಾದ ಹೊಸ ಹತ್ತು ಡಾಲರ್ ನೋಟು ಬಂತು. ಇಲ್ಲಿ ಹ್ಯಾಲಿಫ್ಯಾಕ್ಸ್‌ನ ಬ್ಯಾಂಕಿನಲ್ಲಿ ಕೇಳಿ ಪಡೆದೆ. ನೇರಳೆ ಬಣ್ಣದ ಪ್ಲಾಸ್ಟಿಕ್ ನೋಟು, ನೆಟ್ಟಗೆ ನಿಲ್ಲಿಸಿ ಹಿಡಿದು ನೋಡಬೇಕು. ಮೇಲಿರುವ ಮುಖ ವಯೋಲಾ ಡೆಸ್ಮಂಡ್ ಎಂಬ ಕಪ್ಪು ಮಹಿಳೆಯದು. ಅವರ ಹಿಂದೆ ನಮ್ಮೂರಿನ ನಾರ್ತ್ ಎಂಡ್ ಬೀದಿಗಳ ನಕ್ಷೆಯಿದೆ. ಅಲ್ಲಿನ ಗಾಟಿಂಗನ್ ಸ್ಟ್ರೀಟಿನಲ್ಲೇ ಅವರ ಬ್ಯೂಟಿ ಪಾರ್ಲರ್ ಇತ್ತು. ಶನಿವಾರ ಮಗಳನ್ನು ಕರೆದುಕೊಂಡು ಆ ಬೀದಿಗೆ ಹೋದೆ.

ನಡೆಯುತ್ತಾ ಕಥೆ ಹೇಳಿದೆ. 1946ರ ನವೆಂಬರ್ 8. ಕೆಲಸದ ಮೇಲೆ ಹೊರಟಿದ್ದ ವಯೋಲಾ ಅವರ ಕಾರು ನ್ಯೂ ಗ್ಲಾಸ್ಗೋ ಎಂಬ ಊರಲ್ಲಿ ಕೆಟ್ಟಿತು. ರಿಪೇರಿ ಆಗುವವರೆಗೆ ಸಿನಿಮಾ ನೋಡೋಣವೆಂದು ರೋಸ್‌ಲ್ಯಾಂಡ್ ಥಿಯೇಟರಿಗೆ ಹೋದರು. ಕಪ್ಪು ಜನರಿಗೆ ಅಲ್ಲಿ ಬಾಲ್ಕನಿ ಟಿಕೆಟ್ ಮಾತ್ರ. ಅವರಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ, ಕೆಳಗೆ ಹೋಗಿ ಕುಳಿತರು. ಎದ್ದೇಳು ಎಂದರೆ ಏಳಲಿಲ್ಲ. ಪೊಲೀಸರು ಎಳೆದೊಯ್ದು ರಾತ್ರಿಯಿಡೀ ಲಾಕಪ್ಪಿನಲ್ಲಿಟ್ಟರು. ಕೈಗವಸು ಹಾಕಿಕೊಂಡೇ ಅವರು ನೆಟ್ಟಗೆ ಕುಳಿತಿದ್ದರು.

ಬೆಳಿಗ್ಗೆ ಕೋರ್ಟಿನಲ್ಲಿ ಹೊರಿಸಿದ ಆರೋಪ ಏನು ಗೊತ್ತಾ? ತೆರಿಗೆ ವಂಚನೆ! ಕೆಳಗಿನ ಸೀಟಿಗೆ ಮೂರು ಸೆಂಟ್ ತೆರಿಗೆ, ಬಾಲ್ಕನಿಗೆ ಎರಡು. ಸರ್ಕಾರಕ್ಕೆ ಒಂದು ಸೆಂಟ್ ಮೋಸ ಮಾಡಿದರಂತೆ.

"ಅಪ್ಪಾ, ಒಂದು ಸೆಂಟ್ ತಾನೇ, ಕೊಟ್ಟುಬಿಡಬಹುದಿತ್ತಲ್ವಾ?"

"ಕೊಡೋಕೆ ಹೋದ್ರು ಪುಟ್ಟಿ, ಥಿಯೇಟರಿನವರೇ ತಗೊಳ್ಳಲಿಲ್ಲ."

ಮಗಳು ಬೀದಿಯಲ್ಲೇ ನಿಂತುಬಿಟ್ಟಳು. ನನಗೂ ಸಿಟ್ಟು ಬರುವುದು ಅಲ್ಲೇ. ಕೋರ್ಟಿನಲ್ಲಿ ಚರ್ಮದ ಬಣ್ಣದ ಮಾತೇ ಬರಲಿಲ್ಲ. ಬರೀ ಲೆಕ್ಕ. ಇಪ್ಪತ್ತು ಡಾಲರ್ ದಂಡ, ಆರು ಡಾಲರ್ ಖರ್ಚು. ಬಾಯಿಬಿಟ್ಟು ಬೈದಿದ್ದರೆ ಉತ್ತರ ಕೊಡಬಹುದು. ಹೀಗೆ ಕಾಗದದ ಮೇಲೆ ಕಾನೂನಿನ ಪ್ರಕಾರವೇ ಮಾಡಿದ ಅನ್ಯಾಯಕ್ಕೆ ಎಲ್ಲಿ ಹೋಗಿ ದೂರುವುದು? ಮೇಲಿನ ಕೋರ್ಟಿಗೂ ಹೋದರು, ಅಲ್ಲೂ ಸೋಲೇ. (ಆ ಒಂದು ಸೆಂಟ್ ನಾಣ್ಯ ಹಂಚುವುದನ್ನು ಕೆನಡಾ 2013ರಲ್ಲಿ ನಿಲ್ಲಿಸಿಬಿಟ್ಟಿತು.)

ವಯೋಲಾ 1965ರಲ್ಲಿ ತೀರಿಕೊಂಡರು. 2010ರಲ್ಲಿ ನಮ್ಮ ಪ್ರಾಂತ್ಯವಾದ ನೋವಾ ಸ್ಕೋಷಿಯಾದ ಸರ್ಕಾರ ತಪ್ಪಾಯಿತೆಂದು ಕ್ಷಮೆ ಕೇಳಿ ಅವರಿಗೆ ಕ್ಷಮಾದಾನ ಕೊಟ್ಟಿತು. ಅದೂ ಅಪರಾಧಿಗೆ ತೋರಿಸುವ ದಯೆಯಲ್ಲ, ಅವರು ಅಪರಾಧವನ್ನೇ ಮಾಡಿರಲಿಲ್ಲ ಎಂದು ಒಪ್ಪಿಕೊಳ್ಳುವಂಥದ್ದು. ಸಹಿ ಹಾಕಿದ ಲೆಫ್ಟಿನೆಂಟ್ ಗವರ್ನರ್ ಮೇಯಾನ್ ಫ್ರಾನ್ಸಿಸ್ ಕೂಡ ಕಪ್ಪು ಮಹಿಳೆ. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು.

"ಅಷ್ಟು ವರ್ಷ ಇದನ್ನೆಲ್ಲ ಯಾರು ನೆನಪಿಟ್ಟುಕೊಂಡಿದ್ರು?" ಎಂದು ಮಗಳು ಕೇಳಿದಳು. ವಯೋಲಾ ಅವರ ತಂಗಿ ವಾಂಡಾ ರಾಬ್ಸನ್. ಎಪ್ಪತ್ತು ದಾಟಿದ ಮೇಲೆ ವಿಶ್ವವಿದ್ಯಾಲಯಕ್ಕೆ ಸೇರಿ ಓದಿದವರು, ಅಕ್ಕನ ಕಥೆಯನ್ನು ಶಾಲಾಮಕ್ಕಳಿಗೆ ಹೇಳುತ್ತಾ ಬಂದವರು. 2018ರ ಮಾರ್ಚ್ 8ರಂದು ಇದೇ ಊರಲ್ಲಿ ನೋಟನ್ನು ಅನಾವರಣ ಮಾಡಿದಾಗ 91ರ ವಾಂಡಾ ಮುಂದೆಯೇ ಇದ್ದರು. ಈ ತಂಗಿ ಹಟ ಹಿಡಿಯದಿದ್ದರೆ ಆ ಮುಖ ನೋಟಿನ ಮೇಲೆ ಬರುತ್ತಿತ್ತೆಂದು ನನಗಂತೂ ಅನ್ನಿಸುವುದಿಲ್ಲ.